ಆಸೆಯ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತಿ

ಮಕರ ಸಂಕ್ರಮಣಕ್ಕೆ ಮಾರಣಕಟ್ಟೆಯಲ್ಲಿ ಬ್ರಹ್ಮಲಿಂಗೇಶ್ವರನ ಜಾತ್ರೆ. ಆ ಹೊತ್ತಿಗೆ ಅಲ್ಲಿ ಎತ್ತ ನೋಡಿದರೂ ಹೆಮ್ಮಾಡಿಯ ಹಳದಿ ಸೇವಂತಿಗೆ. ಮೊದಲ ಕೊಯ್ಲಿನ ಹೂವನ್ನು ದೇವರಿಗೆ ಅರ್ಪಿಸುವುದು ಹೆಮ್ಮಾಡಿ ಸುತ್ತಲಿನ ಬೆಳೆಗಾರರ ರೂಢಿ. ಜನವರಿ ನಡುವಿಗೆ ಹೂ ಸಿಗಬೇಕಾದರೆ ಮಳೆ ಇನ್ನೂ ಪೂರ್ತಿ ಬಿಡದ ಆಗಸ್ಟ್, ಸೆಪ್ಟೆಂಬರಿನಲ್ಲೇ ಸಸಿ ನೆಲ ಸೇರಿರಬೇಕು. ಜಾತ್ರೆಯ ದಿನ ಮೊದಲೇ ಗೊತ್ತು. ನೆಡುವ ದಿನವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿಕೊಳ್ಳುತ್ತಾರೆ.

ಮನೆಯ ಹಿತ್ತಿಲಿನಲ್ಲಿ ನಾವು ಹೆಚ್ಚಿನವರು ಹೀಗೆ ಮಾಡುವುದಿಲ್ಲ. ಕುಂದಾಪುರದ ಶನಿವಾರದ ಸಂತೆಯಲ್ಲಿ ಬೀಜ ಕಂಡರೆ ತರುತ್ತೇವೆ, ಬಿಡುವಾದಾಗ ಬಿತ್ತುತ್ತೇವೆ, ಆದದ್ದನ್ನು ತಿನ್ನುತ್ತೇವೆ. ಅದೂ ಸಂತೋಷವೇ. ಆದರೆ ಚೌತಿಯ ದಿನ ಎಲೆಯ ಮೇಲೆ ಬಿದ್ದ ಅಲಸಂಡೆ ಪಲ್ಯ ನಮ್ಮದೇ ಬಳ್ಳಿಯದಾದರೆ, ಮನೆಮಗಳು ಮದುವೆಯ ದಿನ ಮುಡಿದ ಮಲ್ಲಿಗೆ ನಮ್ಮದೇ ಅಂಗಳದ್ದಾದರೆ ಆಗುವ ಸಂತೋಷದ ತೂಕ ಬೇರೆ. ಅಂಥ ಆಸೆ ಮನೆಯಲ್ಲಿ ಯಾರಿಗಾದರೂ ಒಂದು ಇದ್ದೇ ಇರುತ್ತದೆ. ಅದನ್ನು ಕೇಳಿ ತಿಳಿದು, ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಬಿತ್ತುವುದು ಹೇಗೆ ಎಂದು ಹೇಳಲು ಈ ಬರಹ. ಬೈಂದೂರು, ಕುಂದಾಪುರ, ಬ್ರಹ್ಮಾವರದ ನೆಲ ಮತ್ತು ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು. ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೊದಲು ನೆಲ

ಮರವಂತೆ, ಗಂಗೊಳ್ಳಿ, ಕೋಡಿಯ ಕಡೆ ಕಾಲಿಟ್ಟಲ್ಲೆಲ್ಲ ಹೊಯ್ಗೆ. ವಂಡ್ಸೆ, ಸಿದ್ದಾಪುರ, ಕೊಕ್ಕರ್ಣೆಯ ಕಡೆ ಹೋದರೆ ಕೆಂಪು ಮುರಕಲ್ಲು. ಹೊಯ್ಗೆಯಲ್ಲಿ ನೀರೂ ಗೊಬ್ಬರವೂ ನಿಲ್ಲುವುದಿಲ್ಲ. ಅಲ್ಲಿ ತೆಂಗಿನ ನಾರಿನ ಪುಡಿ, ಹಟ್ಟಿಗೊಬ್ಬರ, ತರಗೆಲೆಯ ಹೊದಿಕೆ ಎಷ್ಟು ಹಾಕಿದರೂ ಹೆಚ್ಚಾಗದು. ಮುರಕಲ್ಲಿನ ಅಂಗಳದಲ್ಲಿ ಅಗೆಯುವ ಸಾಹಸ ಬೇಡ. ನೆಲದ ಮೇಲೆಯೇ ಒಂದಡಿ ಎತ್ತರಕ್ಕೆ ಮಣ್ಣು ಏರಿಸಿ ಮಡಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಬೇರು ಕೊಳೆಯದೆ ಉಳಿಯುವುದೂ ಇದರಿಂದಲೇ.

ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ನೆಲ ಇದು. ಅಷ್ಟು ನೀರು ಮಣ್ಣಿನ ಸುಣ್ಣದ ಅಂಶವನ್ನೂ ಪೊಟ್ಯಾಶನ್ನೂ ತೊಳೆದು ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಗಿಡ ಮೇಲೇಳುತ್ತಿಲ್ಲ ಎಂದರೆ ಮೊದಲು ಈ ಹುಳಿಯನ್ನು ಶಂಕಿಸಿ. ಒಂದು ಚದರ ಮೀಟರಿಗೆ ಸುಮಾರು 50 ಗ್ರಾಂ, ಎಂದರೆ ಒಂದು ಹಿಡಿ ಕೃಷಿ ಸುಣ್ಣವನ್ನು ಬಿತ್ತುವುದಕ್ಕೆ 2-3 ವಾರ ಮೊದಲು ಮಣ್ಣಿಗೆ ಬೆರೆಸಿ. ಸುಣ್ಣವನ್ನೂ ಸೆಗಣಿ ಗೊಬ್ಬರವನ್ನೂ ಒಂದೇ ದಿನ ಹಾಕಬೇಡಿ. ಎರಡೂ ಸೇರಿದರೆ ಗೊಬ್ಬರದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿಕೊಂಡರೆ ಊಹೆಯ ಮೇಲೆ ಸುಣ್ಣ ಹಾಕುವ ಪ್ರಮೇಯವೇ ಇರುವುದಿಲ್ಲ. ಅದೇ ಆವರಣದಲ್ಲಿರುವ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಕರಾವಳಿಗೆಂದೇ ಕೆಲಸ ಮಾಡುವ ಸಂಸ್ಥೆ. ಊರವರ ಬಾಯಲ್ಲಿ ಅದು ಬರೀ ‘ಕೃಷಿ ಕೇಂದ್ರ’.

ಹಳೆಯ ತಲೆಮಾರಿನವರು ಇದೇ ಕೊರತೆಗೆ ಸುಡುಮಣ್ಣನ್ನು ಮದ್ದು ಮಾಡಿಕೊಂಡಿದ್ದರು. ಬೇಸಿಗೆಯಲ್ಲಿ ತರಗೆಲೆ, ಒಣಕಡ್ಡಿಯ ರಾಶಿಯ ಮೇಲೆ ಹುಲ್ಲುಬೇರಿನ ಮಣ್ಣುಹೆಂಟೆ ಮುಚ್ಚಿ ಬುಡದಿಂದ ಬೆಂಕಿ ಕೊಟ್ಟರೆ ಅದು ಉರಿಯದೆ ಹೊಗೆಯಾಡುತ್ತಾ ನಿಧಾನಕ್ಕೆ ಬೇಯುತ್ತದೆ. ಆರಿದ ಮೇಲೆ ಕೈಗೆ ತೆಗೆದುಕೊಂಡರೆ ಮಣ್ಣು ಹುಡಿಹುಡಿ. ಕಳೆಯ ಬೀಜ ಸತ್ತಿರುತ್ತದೆ, ಬೂದಿಯ ಪೊಟ್ಯಾಶ್ ಸೇರಿರುತ್ತದೆ. ಆದರೂ ಇದ್ದ ತರಗೆಲೆಯನ್ನೆಲ್ಲ ಸುಡಬೇಡಿ ಎಂದೇ ನಾನು ಹೇಳುತ್ತೇನೆ. ಬೀಜ ಹಾಕುವ ಗುಂಡಿಗಳಿಗೆ ಸಾಕಾಗುವಷ್ಟು ಸುಡುಮಣ್ಣು ಮಾಡಿಕೊಳ್ಳಿ, ಉಳಿದ ಎಲೆ ಗಿಡದ ಬುಡದಲ್ಲೇ ಕೊಳೆಯಲಿ. ನಮ್ಮ ನೆಲಕ್ಕೆ ತೀರಾ ಬೇಕಾದದ್ದು ಆ ಕೊಳೆತ ಎಲೆ.

ಅಷ್ಟಮಿ, ಚೌತಿಯ ಕಾಯಿ

ಮಳೆಗಾಲದ ತರಕಾರಿಗೆ ಮೇ ತಿಂಗಳ ಎರಡನೇ ಹದಿನೈದು ದಿನವೇ ಸರಿಯಾದ ಹೊತ್ತು. ಮುಂಗಾರಿಗೆ ಮೊದಲಿನ ಗುಡುಗುಮಳೆ ಒಂದೆರಡು ಬಿದ್ದಿರುತ್ತದೆ, ನೆಲ ಬಿಸಿಯಾಗಿಯೇ ಇರುತ್ತದೆ. ಆಗ ಬಿತ್ತಿದ ಬಳ್ಳಿ ಜೂನಿನ ಜಡಿಮಳೆ ಹಿಡಿಯುವುದರೊಳಗೆ ಬೇರು ಹಿಡಿದಿರುತ್ತದೆ. ಜೂನಿನಲ್ಲಿ ಬಿತ್ತಿದರೆ ಬೀಜ ಮಣ್ಣಿನಲ್ಲೇ ಕೊಳೆಯುವುದು ಹೆಚ್ಚು. ಬೆಂಡೆ 45-50 ದಿನಕ್ಕೆ, ಅಲಸಂಡೆ 50-55 ದಿನಕ್ಕೆ, ಹೀರೆ ಸುಮಾರು ಎರಡು ತಿಂಗಳಿಗೆ, ಪಡವಲ ಅದಕ್ಕಿಂತ ತುಸು ತಡವಾಗಿ ಕಾಯಿ ಕೊಡುತ್ತದೆ. ಮೇ 20ಕ್ಕೆ ಬಿತ್ತಿದವರಿಗೆ ಜುಲೈ ಮೊದಲಿಗೇ ಕೊಯ್ಲು ಶುರು. ನಾಗರಪಂಚಮಿ, ಅಷ್ಟಮಿ, ಚೌತಿ ಮೂರೂ ದಾಟುವವರೆಗೆ ಕಾಯಿ ಸಿಗುತ್ತದೆ. ಮೊಳಕೆಯ ಮೇಲೆ ನವಿಲಿನ ಕಣ್ಣು ಬೀಳದ ಊರು ಈಗ ಇಲ್ಲ. ನಾಲ್ಕೆಲೆ ಬರುವವರೆಗೆ ತೆಂಗಿನ ಮಡಲನ್ನೋ ಹಳೆಯ ಬಲೆಯನ್ನೋ ಮುಚ್ಚಿಡಿ. ಮೀನುಗಾರರ ಮನೆಯಲ್ಲಿ ಬಲೆಗೇನು ಬರ!

ಜುಲೈ ಬಂತೆಂದರೆ ಒಂದು ದೂರು ತಪ್ಪುವುದಿಲ್ಲ: ಬಳ್ಳಿ ತುಂಬ ಹೂ, ಕಾಯಿ ಒಂದೂ ಇಲ್ಲ. ಇದಕ್ಕೆ ಕಾರಣ ಎರಡು. ಹೀರೆ, ಪಡವಲ, ಕುಂಬಳಗಳಲ್ಲಿ ಮೊದಲು ಬರುವುದು ಗಂಡು ಹೂ. ಹೆಣ್ಣು ಹೂವಿಗೆ ಕೆಲವು ದಿನ ಕಾಯಬೇಕು. ಹೂವಿನ ಹಿಂದೆ ಕಿರುಬೆರಳಿಗಿಂತ ಸಣ್ಣ ಕಾಯಿಯ ರೂಪ ಕಂಡರೆ ಅದು ಹೆಣ್ಣು. ಎರಡನೆಯ ಕಾರಣ ನಮ್ಮ ಮಳೆ. ಎಡೆಬಿಡದೆ ಸುರಿಯುವಾಗ ಜೇನುನೊಣ ಗೂಡು ಬಿಟ್ಟು ಹೊರಡುವುದಿಲ್ಲ, ಪರಾಗ ನೆನೆದು ಹಾಳಾಗುತ್ತದೆ. ಆಗ ಜೇನಿನ ಕೆಲಸವನ್ನು ನಾವೇ ಮಾಡಬೇಕು.

ಇದು ಕಷ್ಟದ ಕೆಲಸವಲ್ಲ, ಹೊತ್ತು ತಪ್ಪಬಾರದು ಅಷ್ಟೆ. ಹೀರೆಯ ಹೂ ಅರಳುವುದು ಸಂಜೆ. ಐದು ಗಂಟೆಯ ನಂತರ ಬಳ್ಳಿಯ ಹತ್ತಿರ ನಿಂತರೆ ಮೊಗ್ಗು ಬಿಚ್ಚಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಪಡವಲದ ಬಿಳಿ ಹೂ ಕತ್ತಲಾದ ಮೇಲೆ ಜಾಲರಿ ಬಿಡಿಸುತ್ತದೆ, ಅದಕ್ಕೆ ಟಾರ್ಚ್ ಬೇಕು. ಕುಂಬಳ, ಸೌತೆ, ಹಾಗಲ ಬೆಳಗಿನವು, ಎಂಟು ಒಂಬತ್ತು ಗಂಟೆಯೊಳಗೆ ಮುಗಿಸಿ. ಹೊಸದಾಗಿ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಹುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು. ಮಳೆ ಬರುವಂತಿದ್ದರೆ ಹೂವಿನ ಮೇಲೆ ಒಂದು ಎಲೆಯನ್ನು ಕೊಡೆಯ ಹಾಗೆ ಕಟ್ಟಿ. ಎರಡು ಮೂರು ದಿನದಲ್ಲಿ ತೊಟ್ಟು ದಪ್ಪವಾಗಿ ಕಾಯಿ ಕೆಳಮುಖವಾದರೆ ನಿಂತಿತು ಎಂದರ್ಥ, ಹಳದಿಯಾದರೆ ಉದುರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರಿಗೇ ಬಿಡಿ. ತಾವು ಮುಟ್ಟಿ ನಿಲ್ಲಿಸಿದ ಕಾಯನ್ನು ಅವರು ದಿನಾ ಹೋಗಿ ಅಳೆಯುತ್ತಾರೆ. ಪಡವಲಕಾಯಿ ನೇರವಾಗಿ ಇಳಿಯಲೆಂದು ತುದಿಗೆ ಸಣ್ಣ ಕಲ್ಲು ಕಟ್ಟುವುದೂ ಅವರ ಪಾಲಿಗಿರಲಿ.

ಕಾಯಿ ನಿಂತ ಮೇಲಿನ ಶತ್ರು ಹಣ್ಣುನೊಣ. ಎಳೆಗಾಯಿಯ ಸಿಪ್ಪೆಯ ಕೆಳಗೆ ಮೊಟ್ಟೆ ಇಡುತ್ತದೆ, ಕಾಯಿ ಸೊಟ್ಟಗಾಗಿ ಒಳಗಿಂದ ಕೊಳೆಯುತ್ತದೆ. ಕಾಯಿ ಬೆರಳುದ್ದ ಇರುವಾಗಲೇ ಹಳೆಯ ತೆಳುಬಟ್ಟೆಯ ಚೀಲ ತೊಡಿಸಿ. ಕಾಗದ ನಮ್ಮ ಮಳೆಗೆ ನಿಲ್ಲುವುದಿಲ್ಲ. ಕೃಷಿ ಅಂಗಡಿಗಳಲ್ಲಿ ಸಿಗುವ ಕ್ಯೂಲ್ಯೂರ್ ಬಲೆ ಗಂಡುನೊಣಗಳನ್ನು ಮಾತ್ರ ಸೆಳೆಯುವುದರಿಂದ ಹೂ ಬರುವ ಮೊದಲೇ ತೂಗುಹಾಕಬೇಕು. ಉದುರಿದ ಕೊಳೆತ ಕಾಯನ್ನು ಅಲ್ಲೇ ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಒಂದಡಿಗಿಂತ ಆಳಕ್ಕೆ ಹೂಳಿ.

ಆಸಾಡಿ, ಸೋಣೆ

ಆಸಾಡಿಯ ಮಳೆಯಲ್ಲಿ ಪತ್ರೊಡೆ ತಿನ್ನುವ ಆಸೆ ಇದ್ದರೆ ಏಪ್ರಿಲ್, ಮೇ ತಿಂಗಳಲ್ಲೇ ಕೆಸುವಿನ ಗೆಡ್ಡೆ ಊರಿ. ಬಚ್ಚಲು ನೀರು ಹೋಗುವ ನೆರಳಿನ ಮೂಲೆ ಅದಕ್ಕೆ ಸಾಕು. ತುರಿಕೆ ಬರುವುದು ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ. ಆದ್ದರಿಂದಲೇ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಬೀಳಬೇಕು, ಚೆನ್ನಾಗಿ ಬೇಯಬೇಕು. ಬಸಳೆಗೆ ಇಷ್ಟೂ ಉಪಚಾರ ಬೇಡ. ಮೂರು ನಾಲ್ಕು ಗಂಟಿನ ತುಂಡು ಊರಿ ಚಪ್ಪರ ಹಾಕಿ, ಬುಡಕ್ಕೆ ಬೂದಿ, ಸೆಗಣಿ ನೀರು, ಮೀನು ತೊಳೆದ ನೀರು ಕೊಡುತ್ತಿದ್ದರೆ ಆಯಿತು. ಎಲೆಯಲ್ಲಿ ಕೆಂಪು ಅಂಚಿನ ಚುಕ್ಕೆ ಕಂಡರೆ ಆ ಎಲೆಗಳನ್ನು ಕಿತ್ತು ದೂರ ಹಾಕಿ, ನೀರನ್ನು ಬುಡಕ್ಕೆ ಮಾತ್ರ ಹಾಕಿ.

ಸೋಣೆ ತಿಂಗಳಲ್ಲಿ ಕುಂದಾಪುರ ಕಡೆಯ ಮನೆಗಳಲ್ಲಿ ಹೊಸ್ತಿಲಿಗೆ ಪೂಜೆ ನಡೆಯುತ್ತದೆ. ಅದಕ್ಕೆ ಬೇಕಾದ ಹೂಗಳು ಪೇಟೆಯಲ್ಲಿ ಸಿಗುವಂಥವಲ್ಲ. ಹಿತ್ತಿಲ ಮೂಲೆಯಲ್ಲಿ, ಗದ್ದೆಯ ಹುಣಿಯಲ್ಲಿ ತಾವಾಗಿ ಹುಟ್ಟುವ ಸಣ್ಣ ಸಣ್ಣ ಹೂಗಳು. ಹುಲ್ಲು ಕತ್ತರಿಸುವ ಯಂತ್ರ ಬಂದ ಮೇಲೆ ಜುಲೈ, ಆಗಸ್ಟಿನಲ್ಲೇ ಇಡೀ ಅಂಗಳ ಬೋಳಾಗುತ್ತಿದೆ. ಮನೆಯ ಹಿರಿಯ ಹೆಂಗಸರು ಹೂವಿಗಾಗಿ ಬೇರೆಯವರ ಹಿತ್ತಿಲಿಗೆ ಹೋಗುವಂತಾಗಿದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಬೇಲಿಯ ಬದಿಯಲ್ಲಿ ಒಂದು ಪಟ್ಟಿಯನ್ನು ಸೋಣೆ ಮುಗಿಯುವವರೆಗೆ ಕತ್ತರಿಸದೆ ಬಿಡಿ. ಅಲ್ಲಿಗೆ ಬರುವ ಜೇನು, ಚಿಟ್ಟೆಗಳೇ ಬಿಸಿಲು ಬಿದ್ದ ದಿನ ನಿಮ್ಮ ಹೀರೆ ಬಳ್ಳಿಗೂ ಬರುತ್ತವೆ. ನಾಗಬನದ ಸುತ್ತಲಿನ ಪೊದೆಯನ್ನೂ ಹಾಗೆಯೇ ಬಿಡಿ.

ಅಂಗಳದ ಸೇವಂತಿಗೆ

ಹೆಮ್ಮಾಡಿ ಸೇವಂತಿಗೆಯನ್ನು ಹತ್ತಾರು ಕುಂಡದಲ್ಲಿ ಮನೆಯಲ್ಲೇ ಬೆಳೆಯಬಹುದು. ಜಾತ್ರೆಗೆ ಹೂ ಒಪ್ಪಿಸುವ ಹರಕೆ ಇದ್ದವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೊಂದಿಲ್ಲ. ಪರಿಚಯದ ಬೆಳೆಗಾರರಿಂದ ಬೇರುಸಸಿ ತಂದು ಸೆಪ್ಟೆಂಬರ್ ಮೊದಲ ವಾರದೊಳಗೆ ಏರಿಸಿದ ಮಡಿಯಲ್ಲಿ ಅಥವಾ ಕುಂಡದಲ್ಲಿ ನೆಡಿ. ಬೇರು ಹಿಡಿದು 3-4 ವಾರವಾದಾಗ ತುದಿಕುಡಿ ಚಿವುಟಿ. ಒಂದು ಕುಡಿ ಹೋದಲ್ಲಿ ನಾಲ್ಕು ಕವಲು ಬರುತ್ತವೆ, ಕವಲಿಗೊಂದು ಗೊಂಚಲು. ಇನ್ನೊಮ್ಮೆ ಚಿವುಟುವುದಿದ್ದರೆ ಅಕ್ಟೋಬರ್ ದಾಟಬಾರದು. ತಡವಾಗಿ ಚಿವುಟಿದರೆ ಹೂವೂ ಸಂಕ್ರಮಣ ದಾಟುತ್ತದೆ.

ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿ ಇಲ್ಲಿದೆ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಕತ್ತಲೆ ಎಷ್ಟು ಹೊತ್ತು ಸಿಗುತ್ತದೆ ಎಂಬುದರ ಮೇಲೆ ಗಿಡ ಕಾಲವನ್ನು ಗುರುತಿಸುತ್ತದೆ. ಜಗಲಿಯ ದೀಪವೋ ಬೀದಿದೀಪವೋ ರಾತ್ರಿಯಿಡೀ ಗಿಡದ ಮೇಲೆ ಬೀಳುತ್ತಿದ್ದರೆ ಅದು ಸೊಪ್ಪು ಬೆಳೆಸುತ್ತದೆ, ಮೊಗ್ಗು ತಡ ಮಾಡುತ್ತದೆ. ಸೊಂಪಾಗಿ ಬೆಳೆದ ಗಿಡ ಡಿಸೆಂಬರಿನಲ್ಲೂ ಮೊಗ್ಗು ತೋರಿಸದಿದ್ದರೆ ಗೊಬ್ಬರ ಹೆಚ್ಚಿಸುವ ಮೊದಲು ಕುಂಡವನ್ನು ಕತ್ತಲೆ ಇರುವ ಕಡೆಗೆ ಸರಿಸಿ ನೋಡಿ. ಹಗಲು ಮಾತ್ರ ಪೂರ್ತಿ ಬಿಸಿಲು ಬೇಕು.

ಮೋಡ, ಇಬ್ಬನಿ ಹೆಚ್ಚಾದ ವರ್ಷ ಎಲೆಚುಕ್ಕೆ ಬರುತ್ತದೆ, ಮೊಗ್ಗಿಗೆ ಹೇನು ಹತ್ತುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ತುಸು ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿದರೆ ಹೇನಿಗೆ ಆಗುತ್ತದೆ. ಹೂ ಮುಗಿದ ಮೇಲೆ ಗಿಡವನ್ನು ಗೇಣು ಬಿಟ್ಟು ಕತ್ತರಿಸಿ, ಎರಡು ಮೂರು ತಾಯಿಗಿಡಗಳನ್ನು ಸೂರಿನ ನೀರು ಬೀಳದ ಕಡೆ ಮಳೆಗಾಲ ದಾಟಿಸಿ. ಮುಂದಿನ ವರ್ಷದ ಸಸಿ ಅಲ್ಲಿಂದಲೇ.

ಮಲ್ಲಿಗೆಯ ಲೆಕ್ಕ ಇನ್ನೂ ಉದ್ದ. ಉಡುಪಿ ಮಲ್ಲಿಗೆಗೆ ಚೆಂಡು, ಅಟ್ಟೆಯ ಅಳತೆ: 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮನೆಯ ಐದಾರು ಗಿಡದಿಂದ ದಿನಾ ಚೆಂಡು ಸಿಗದು, ಮುಡಿಯುವಷ್ಟು ಸಿಗುತ್ತದೆ. ಏಪ್ರಿಲ್, ಮೇ ತಿಂಗಳ ಮದುವೆಗೆ ಹೂ ಬೇಕಿದ್ದರೆ ಗಿಡ ಎರಡು ಮಳೆಗಾಲವಾದರೂ ಕಂಡಿರಬೇಕು. ಮಳೆ ಹಿಂದೆ ಸರಿಯುವಾಗ ಸವರಿ, ಗೊಬ್ಬರ ಕೊಟ್ಟು ಬಿಸಿಲಿಗೆ ಬಿಟ್ಟರೆ ಬೇಸಿಗೆಗೆ ತುಂಬಿ ಬರುತ್ತದೆ. ಮಗಳ ಜಾತಕ ಹೊರಗೆ ತೆಗೆದ ವರ್ಷವೇ ಗಿಡ ನೆಟ್ಟುಬಿಡಿ.

ಬಾಳೆಗೊನೆಗೆ ಒಂದು ವರ್ಷ ಹಿಡಿಯಿರಿ. ಚೌತಿಗೆ ಮನೆಯ ಹಣ್ಣು ಬೇಕಿದ್ದರೆ ಹಿಂದಿನ ವರ್ಷ ಚೌತಿ ಮುಗಿಯುತ್ತಿದ್ದಂತೆ ಕತ್ತಿಯಲಗಿನಂಥ ಎಲೆಯ ಕಂದನ್ನು ಆರಿಸಿ ನೆಡಬೇಕು. ಅಗಲ ಎಲೆಯ ಕಂದು ಬೇಡ.

ಬೇಸಿಗೆ ಮತ್ತು ಉಪ್ಪು

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದಾಗ ಭರತದ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ, ಹೊಳೆಬದಿಯ ಮತ್ತು ಕುದ್ರುಗಳ ಬಾವಿಗೂ ಇಳಿಯುತ್ತದೆ. ಬೀನ್ಸ್, ಅಲಸಂಡೆಯ ಎಲೆಯಂಚು ಸುಟ್ಟಂತೆ ಕಂದಾದರೆ ಬಾವಿಯ ನೀರಿಗೆ ಉಪ್ಪು ಬಂದಿರಬಹುದು. ಅಂಥ ಕಡೆ ನವೆಂಬರಿನಲ್ಲೇ ಶುರು ಮಾಡಿ ಫೆಬ್ರವರಿಯೊಳಗೆ ತರಕಾರಿ ಮುಗಿಸಿಬಿಡಿ. ಹರಿವೆ 25-30 ದಿನಕ್ಕೆ ಬರುವುದರಿಂದ ಆ ಅವಧಿಯಲ್ಲಿ ಮೂರು ಸಲ ಬಿತ್ತಬಹುದು. ಸಣ್ಣ ಬೀಜವನ್ನು ಹೊಯ್ಗೆಯೊಂದಿಗೆ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುವುದಿಲ್ಲ.

ಸಿಹಿನೀರು ಇರುವವರು ಗದ್ದೆ ಕೊಯ್ಲಾದ ಮೇಲೆ ಡಿಸೆಂಬರಿನಲ್ಲಿ ಬಣ್ಣದ ಸೌತೆ ಹಾಕಿ. ಮಾರ್ಚ್ ಹೊತ್ತಿಗೆ ಬಲಿತು ಬಣ್ಣ ಬಂದ ಕಾಯನ್ನು ತೊಟ್ಟಿನ ಸಮೇತ ಕೊಯ್ದು, ತೊಳೆಯದೆ, ಪೆಟ್ಟಾಗದಂತೆ ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕಿ. ಒಂದಕ್ಕೊಂದು ತಾಗಬಾರದು. ಪೇಟೆಗೆ ಹೋಗಲಾರದ ಜುಲೈ ದಿನದಲ್ಲಿ ಹುಳಿಗೆ ಕಾಯಿ ತಲೆಯ ಮೇಲೇ ಇರುತ್ತದೆ.

ಬೆಂಗಳೂರಿನ ಬಸ್ಸಿಗೆ

ಕುಂದಾಪುರ ಕಡೆಯ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವುದು ಸಾಮಾನ್ಯ. ರಾತ್ರಿ ಬಸ್ಸಿಗೆ ಕೊಟ್ಟ ಚೀಲ ಬೆಳಿಗ್ಗೆ ಅವರ ಕೈ ಸೇರುತ್ತದೆ. ಹಿತ್ತಿಲಿನ ಅತಿ ದೊಡ್ಡ ಸಂತೋಷ ಆ ಚೀಲದಲ್ಲಿದೆ ಎನ್ನುವ ಅಮ್ಮಂದಿರು ಊರಿಗೆ ಹತ್ತು ಜನ ಸಿಗುತ್ತಾರೆ. ಚೀಲ ಕಟ್ಟುವಾಗ ತರಕಾರಿ ತೊಳೆಯಬೇಡಿ, ಒದ್ದೆಯಾದದ್ದು ರಾತ್ರಿಯ ಸೆಕೆಗೆ ಕೊಳೆಯುತ್ತದೆ. ಸಂಜೆ ತಂಪಿನಲ್ಲಿ ಕೊಯ್ದು ಅರ್ಧ ಗಂಟೆ ನೆರಳಿನಲ್ಲಿ ಹರಡಿ. ಗಟ್ಟಿ ಕಾಯಿ ಅಡಿಗೆ, ಅಲಸಂಡೆ ಕಟ್ಟು ನಡುವೆ, ಸೊಪ್ಪು ಮೇಲೆ. ಬಸಳೆ, ಹರಿವೆಯ ಬುಡಕ್ಕೆ ಮಾತ್ರ ಒದ್ದೆ ಬಟ್ಟೆ ಸುತ್ತಿ. ಕೆಸುವಿನ ಎಲೆಯನ್ನು ಸುರುಳಿ ಸುತ್ತಿ ಕಾಗದದಲ್ಲಿ, ಮಲ್ಲಿಗೆಯನ್ನು ಬಾಳೆಲೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿದರೆ ಎಲ್ಲವೂ ಬೆವರುತ್ತದೆ, ಬಟ್ಟೆಚೀಲವೇ ಮೇಲು. ಮೊಮ್ಮಕ್ಕಳು ಬೇಸಿಗೆ ರಜೆಗೆ ಊರಿಗೆ ಬರುವುದಾದರೆ ಲೆಕ್ಕ ತಿರುಗಿಸಿ: ಏಪ್ರಿಲ್ ಕೊನೆಗೆ ಬೆಂಡೆ, ಮುಳ್ಳುಸೌತೆ ಅವರೇ ಕೀಳಬೇಕಿದ್ದರೆ ಮಾರ್ಚ್ ಮೊದಲ ವಾರ ಬಿತ್ತಿರಬೇಕು.

ಇನ್ನು ಬೀಜ. ನಮ್ಮ ಮಳೆ ತಡೆದು ಕಾಯಿ ಕೊಟ್ಟ ಬಳ್ಳಿಯ ಬೀಜ ಪೇಟೆಯ ಪೊಟ್ಟಣದಲ್ಲಿ ಸಿಗುವುದಿಲ್ಲ. ಹೈಬ್ರಿಡ್ ಪೊಟ್ಟಣದ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಗುಣ ಬರದು, ಊರ ತಳಿಯನ್ನೇ ಹುಡುಕಿ. ಚೆನ್ನಾಗಿ ಬಂದ ಬಳ್ಳಿಯ ಎರಡನೆಯದೋ ಮೂರನೆಯದೋ ಕಾಯನ್ನು ಕೀಳದೆ ಬಲಿಯಲು ಬಿಡಿ. ಪಡವಲ ಕೆಂಪಾಗಿ ಹಣ್ಣಾಗಬೇಕು, ಹೀರೆ ಬಳ್ಳಿಯಲ್ಲೇ ಒಣಗಿ ಗಿಲಿಗಿಲಿ ಎನ್ನಬೇಕು. ತೆಗೆದ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸಿ, ಬಿಗಿಮುಚ್ಚಳದ ಬಾಟಲಿಯಲ್ಲಿ ಹೆಸರು, ವರ್ಷ ಬರೆದಿಡಿ. ಎಲ್ಲವನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಒಂದು ಹಿಡಿ ನೆರೆಮನೆಗೆ, ಒಂದು ಹಿಡಿ ತವರಿಗೆ ಕೊಡಿ. ನಿಮ್ಮಲ್ಲಿ ಹಾಳಾದ ವರ್ಷ ಅಲ್ಲಿಂದ ಕೇಳಿ ತರಬಹುದು.